ಹಸಿರು ಕಾಯಿ

"ಅಯ್ಯೋ, ಮೆಲ್ಲಗೆ ಅತ್ತೆ!" ಇಂಗುನ್ ಕೂಗಿಕೊಂಡಳು. ಜುನಿಪರ್ ಪೊದೆಯ ಕೆಳಗೆ ಹಾಸಿದ್ದ ಬಟ್ಟೆಯ ಮೇಲೆ ಸಾರಿಗೆ ಹಾಕುವ ನೀಲಿ ಹಣ್ಣಿನ ಜೊತೆ ಹಸಿರು ಕಾಯಿಯೂ ಪಟಪಟನೆ ಉದುರುತ್ತಿತ್ತು. ಕೋಲಿನಿಂದ ಮೆತ್ತಗೆ ತಟ್ಟಿದರೆ ಹಣ್ಣಷ್ಟೇ ಬೀಳುತ್ತದೆ, ಕಾಯಿ ಮುಂದಿನ ವರ್ಷಕ್ಕೆ ಉಳಿಯುತ್ತದೆ ಎಂದು ಅವಳಿಗೆ ಕಲಿಸಿದ್ದೇ ಅತ್ತೆ ಬೋರ್ಗಿಲ್ಡ್. ಇವತ್ತು ಅವರೇ ಹಗೆ ತೀರಿಸುವವರಂತೆ ಬಡಿಯುತ್ತಿದ್ದರು.

"ಬೀಳ್ಲಿ ಬಿಡು. ಮಗ ಮಣ್ಣು ಸೇರಿದ. ನಾಳೆ ನೀನೂ ಹಡಗು ಹತ್ತಿ ಬರ್ಗೆನ್‌ಗೆ, ತವರಿಗೆ ಹೊರಟೆ. ನನ್ನೊಬ್ಬಳಿಗೆ ಕುರಿಮಾಂಸದ ಸಾರೊಂದು ಕೇಡು!"

ಇಂಗುನ್ ಕೋಲನ್ನು ಹಿಡಿದು ನಿಲ್ಲಿಸಿದಳು. "ನನ್ನ ಮೇಲಿನ ಸಿಟ್ಟನ್ನ ಗಿಡದ ಮೇಲೆ ಯಾಕೆ ತೀರಿಸ್ತೀರಿ? ಕಾಯಿನೆಲ್ಲಾ ಉದುರಿಸಿಬಿಟ್ರೆ ಮುಂದಿನ ವರ್ಷ ಸಾರಿಗೆ ಏನು ಹಾಕೋಣ?"

ಬೋರ್ಗಿಲ್ಡ್ ಸೊಸೆಯ ಮುಖವನ್ನೇ ನೋಡಿದರು. "ಹಾಕೋಣ ಅಂದ್ಯಾ?"

'ಹಾಕ್ತೀರಿ' ಎನ್ನಬೇಕಿತ್ತು. ತಿದ್ದಲು ಬಾಯಿ ತೆರೆದ ಇಂಗುನ್ ಅತ್ತೆ ಉತ್ತರಕ್ಕೆ ಕಾಯುತ್ತಿರುವುದನ್ನು ಕಂಡಳು. ಎಷ್ಟು ಹುಡುಕಿದರೂ ತಿದ್ದುವ ಮನಸ್ಸು ಸಿಗಲಿಲ್ಲ.

"ಹೂಂ, ಹಾಕೋಣ ಅಂದೆ."

ಬೋರ್ಗಿಲ್ಡ್ ಮೂಗು ಒರೆಸಿಕೊಂಡು ಕೋಲನ್ನು ಅವಳ ಕೈಗಿತ್ತರು. "ಹಾಗಾದ್ರೆ ನೀನೇ ತಟ್ಟು. ಮೆತ್ತಗೆ."