ಹತ್ತೊಂಬತ್ತರಲ್ಲಿ ಸಿಕ್ಕಿಕೊಂಡವರು

“ಎರಡು!” ಎಂದು ಅತ್ತೆ ಕೂಗಿದರು. ಕೂಗು ಮುಗಿಯುವ ಮೊದಲೇ ದಾಳ ಅವರ ಲೋಟದೊಳಗೆ ಬಿದ್ದಾಗಿತ್ತು.

ರಟ್ಟಿನ ಮರೆಯ ಹಿಂದೆ ಕುಳಿತಿದ್ದ ಸೂತ್ರಧಾರ ಹಣೆ ಚಚ್ಚಿಕೊಂಡ. ನಾಲ್ಕೋ ಅದಕ್ಕಿಂತ ಹೆಚ್ಚೋ ಬಿದ್ದಿದ್ದರೆ ಸಾಕಿತ್ತು. ಇಪ್ಪತ್ತು ಮುಖದ ದಾಳಕ್ಕೆ ನಾಲ್ಕು ಬೀಳಲು ಏನು ರೋಗ?

“ಹಣೆಬರಹ ಅಳಿಯಂದಿರೇ,” ಎಂದು ಅತ್ತೆ ಕಡಲೆಬೀಜದ ಬಟ್ಟಲಿಗೆ ಕೈಹಾಕಿದರು.

ಮೇಜಿನ ತುದಿಯಲ್ಲಿ ಪ್ರಕಾಶನದ ಸಂಪಾದಕಿ ಪೆನ್ನು ಹಿಡಿದು ಕುಳಿತಿದ್ದರು. ಬಂದ ತಕ್ಷಣ ಹೇಳಿಬಿಟ್ಟಿದ್ದರು: “ಒಬ್ಬರಾದ್ರೂ ಇಪ್ಪತ್ತನೇ ಹಂತಕ್ಕೆ ಏರೋದನ್ನ ನಾನು ಕಣ್ಣಾರೆ ನೋಡ್ಬೇಕು. ಇಲ್ಲಾಂದ್ರೆ ಪುಸ್ತಕ ಬೇಡ.”

ಪುಸ್ತಕ ಇಲ್ಲವೆಂದರೆ ಸೋಮವಾರದಿಂದ ಮಾವನ ನಲ್ಲಿ ಅಂಗಡಿಯ ಗಲ್ಲಾ. ಮಾವ ಆಗಲೇ ಅಂಗಡಿಯ ಹೆಸರಿರುವ ನೀಲಿ ಅಂಗಿ ಹೊಲಿಸಿ ಬಾಗಿಲ ಹಿಂದೆ ನೇತುಹಾಕಿದ್ದರು. ಅಳತೆ ಯಾರು ಕೊಟ್ಟರೋ, ಸರಿಯಾಗಿತ್ತು.

ಅವನು ಬರೆಯುತ್ತಿದ್ದುದು ಮೇಜಿನ ಮೇಲೆ ಆಡುವ ಮಾಯಾಲೋಕದ ಆಟಕ್ಕೆ ನಿಯಮಗಳ ಪುಸ್ತಕ. ಸೂತ್ರಧಾರ ಕಥೆ ಕಟ್ಟುತ್ತಾನೆ, ರಾಕ್ಷಸರ ದನಿಯೆಲ್ಲ ಅವನದೇ. ವೀರರು ಏನು ಮಾಡಬೇಕೆಂಬುದು ಆಟಗಾರರ ಇಷ್ಟ. ಆಗುತ್ತದೋ ಇಲ್ಲವೋ ಎಂಬುದು ದಾಳದ ಇಷ್ಟ. ಈ ಮೇಜಿಗೊಂದು ಮರ್ಯಾದೆಯೂ ಇತ್ತು: ಉರುಳಿಸಿದವರೇ ಅಂಕಿ ಹೇಳಬೇಕು, ಯಾರೂ ಇಣುಕಬಾರದು.

ಮೊದಲ ಹಂತದಲ್ಲಿ ಇಲಿಗೆ ಬೆದರುವ ವೀರ ಹತ್ತೊಂಬತ್ತಕ್ಕೆ ಬರುವಷ್ಟರಲ್ಲಿ ಬೆಟ್ಟ ಸೀಳುತ್ತಾನೆ. ಬೆಟ್ಟ ಸೀಳಿದವನಿಗೆ ಮುಂದೇನು ಕೊಡುವುದು? ಇನ್ನೂ ದಪ್ಪ ಬೆಟ್ಟವೇ? ತಲೆ ಕೆರೆದೂ ಕೆರೆದೂ ಸೂತ್ರಧಾರನಿಗೆ ಕೊನೆಗೆ ಹೊಳೆದಿತ್ತು: ಇಪ್ಪತ್ತಕ್ಕೆ ಏರಿದ ವೀರ ದೇವರಾಗುತ್ತಾನೆ, ಆಕಾಶದಲ್ಲಿ ನಕ್ಷತ್ರವಾಗಿ ಕೂರುತ್ತಾನೆ. ಅವನನ್ನು ಆಡಿಸಿದವರು ಎದ್ದು ಹೊಸಬರಿಗೆ ಕುರ್ಚಿ ಬಿಟ್ಟುಕೊಡುತ್ತಾರೆ. ಆ ಹೊಸಬರು ನಕ್ಷತ್ರಕ್ಕೆ ಕೈಮುಗಿದು ಇಲಿಯಿಂದ ಶುರುಮಾಡುತ್ತಾರೆ. ಇದನ್ನು ಬರೆದಾಗ ಅವನಿಗೇ ಕಣ್ಣು ತುಂಬಿ ಬಂದಿತ್ತು.

ಆದರೆ ಯಾರೂ ದೇವರಾಗಲೊಲ್ಲರು. ಮೊದಲು ಹದಿನೆಂಟು ಬೀಳಬೇಕು ಎಂದಿಟ್ಟಿದ್ದ. ಬೀಳಲಿಲ್ಲ. ಹನ್ನೆರಡಕ್ಕೆ ಇಳಿಸಿದ, ಆರಕ್ಕೆ ಇಳಿಸಿದ, ಈಗ ನಾಲ್ಕು. ದಾಳದ ಮೇಲೇ ಅನುಮಾನ ಬಂದು, ಒಂದೊಂದನ್ನೂ ಉಪ್ಪುನೀರಿನಲ್ಲಿ ತೇಲಿಸಿ ತಿರುಗಿಸಿ ನೋಡಿದ್ದ. ಒಂದೇ ಕಡೆ ವಾಲುವ ಚಾಳಿ ಯಾವುದಕ್ಕೂ ಇರಲಿಲ್ಲ. ದಾಳ ಸಾಚಾ, ಲೆಕ್ಕ ಸರಿ, ಫಲಿತಾಂಶ ಮಾತ್ರ ಪಲ್ಟಿ.

ಈಗ ಹಲ್ಲಿನ ಡಾಕ್ಟರ ಸರದಿ. ಸೂಜಿಯನ್ನು ರೋಗಿಗೆ ಕಾಣದಂತೆ ಮರೆಸುವ ಕೈ ಅದು. ದಾಳ ಉರುಳಿದ್ದೂ ಮಾಯವಾದದ್ದೂ ಒಟ್ಟಿಗೇ. “ಮೂರು. ಛೇ, ಬೇರು ಅಲ್ಲಾಡಿತ್ತು, ಕಿತ್ತು ಬರಲಿಲ್ಲ.”

ಲಿಫ್ಟ್ ಮೆಕ್ಯಾನಿಕ್ ಟೋಪಿಯೊಳಗೇ ದಾಳ ಕುಲುಕಿ ಬಗ್ಗಿ ನೋಡಿದ. “ಒಂದು ಸಾರ್. ದಿನವೆಲ್ಲ ಊರವರನ್ನ ಮೇಲೆ ಕಳಿಸ್ತೀನಿ, ನಾನು ಮಾತ್ರ ಹತ್ತೊಂಬತ್ತರಲ್ಲೇ ಸಿಕ್ಕಿಕೊಂಡೆ.” ಟೋಪಿ ತಲೆಗೇರಿತು.

“ನಿಮ್ಮ ನಿಯಮ ಕೆಟ್ಟಿದೆ,” ಎಂದರು ಸಂಪಾದಕಿ.

“ಲೆಕ್ಕ ಸರಿಯಿದೆ ಮೇಡಂ!”

“ಮತ್ತೆ ಇವರ‍್ಯಾಕೆ ಏರ‍್ತಿಲ್ಲ?”

ಸೂತ್ರಧಾರನ ಕಣ್ಣು ನೀಲಿ ಅಂಗಿಯತ್ತ ಓಡಿತು. “ನೀವೇ ಒಂದ್ಸಲ ಆಡಿ ನೋಡಿ ಮೇಡಂ. ಒಂದೇ ಸಲ.” ಹತ್ತೊಂಬತ್ತನೇ ಹಂತದ ಒಬ್ಬ ಖಡ್ಗಧಾರಿಣಿಯ ವಿವರವಿದ್ದ ಹಾಳೆಯನ್ನು ಅವರ ಮುಂದೆ ತಳ್ಳಿದ. ಅವರು ಪೆನ್ನಿನ ಮುಚ್ಚಳ ಹಾಕಿದರು.

ಸೂತ್ರಧಾರನ ಕಥೆಯಲ್ಲಿ ಗುಹೆಯೊಳಗಿಂದ ಡ್ರ್ಯಾಗನ್ ಎದ್ದಿತು. ಮಾವನ ದನಿಯಲ್ಲೇ ಗುಡುಗಿತು: “ಯಾರ‍್ರೀ ಅದು? ಬಿಲ್ಲಿಲ್ಲದೆ ವಾಷರ್ ವಾಪಸ್ ತಗೊಳ್ಳೋದಿಲ್ಲ!”

“ಬಾಯ್ಮುಚ್ರೀ!” ಎಂದು ಅತ್ತೆ ಕೊಡಲಿ ಬೀಸಿ ಬಾಲದ ತುದಿ ಕತ್ತರಿಸಿದರು. ಮೂವತ್ತು ವರ್ಷದ ಸಂಸಾರದಲ್ಲಿ ಬಾಯಿಗೆ ಬಾರದ ಆ ಮಾತು ಇಲ್ಲಿ ವಾರವಾರವೂ ಬರುತ್ತಿತ್ತು. ಡಾಕ್ಟರು ಡ್ರ್ಯಾಗನ್ನಿನ ಕೋರೆಹಲ್ಲಿಗೆ ನೇತುಬಿದ್ದರು. ಮೆಕ್ಯಾನಿಕ್ ಹಗ್ಗ ಕಟ್ಟಿ ಎಲ್ಲರನ್ನೂ ಅದರ ಬೆನ್ನಿಗೆ ಏರಿಸಿದ.

ಸಂಪಾದಕಿ ಮೆಲ್ಲಗೆ ಕೆಮ್ಮಿದರು. “ನಮ್ಮ ಮಾಲೀಕರ ದನಿ... ಬರುತ್ತಾ ನಿಮಗೆ?”

ಫೋನಿನಲ್ಲಿ ಆರು ತಿಂಗಳು ಕೇಳಿದ ದನಿ. ಬಾರದೆ ಏನು? ಸೂತ್ರಧಾರ ಮೂಗು ಹಿಡಿದ. “ಹೂಂ... ನೋಡೋಣ... ಮುಂದಿನ ತಿಂಗ್ಳು ನೋಡೋಣ... ಈ ವರ್ಷ ರಜೆ ಯಾಕಮ್ಮ ನಿಂಗೆ?”

ಸಂಪಾದಕಿ ಕುರ್ಚಿಯ ಮೇಲೆ ಹತ್ತಿ ನಿಂತರು. “ಮುಂದಿನ ತಿಂಗ್ಳಾ? ಈಗ್ಲೇ ನೋಡು!” ಖಡ್ಗ ಬೀಸಿದರು. ಅತ್ತೆ ಶಿಳ್ಳೆ ಹೊಡೆದರು. ಮೆಕ್ಯಾನಿಕ್ ಮೇಜು ಕುಟ್ಟಿದ. ಡ್ರ್ಯಾಗನ್ ರೆಕ್ಕೆ ಬಡಿಯುತ್ತ, “ರಜೆ... ಮಂಜೂರು...” ಎಂದು ನರಳಿ ಸತ್ತಿತು. ರೆಕ್ಕೆಯಾಗಿದ್ದ ಸೂತ್ರಧಾರನ ತೋಳು ತಗುಲಿ ರಟ್ಟಿನ ಮರೆ ದಬಕ್ಕನೆ ನೆಲಕ್ಕೆ ಬಿತ್ತು.

“ಈಗ ಉರುಳಿಸಿ ಮೇಡಂ. ನಾಲ್ಕು ಬಂದ್ರೆ ದೇವರು!”

ಸಂಪಾದಕಿ ಏದುಸಿರು ಬಿಡುತ್ತ ಕುಳಿತರು. ಕೂದಲು ಕೆದರಿತ್ತು, ಕೆನ್ನೆ ಕೆಂಪಾಗಿತ್ತು. ದಾಳ ಉರುಳಿತು. ಅವರ ಅಂಗೈ ಫಟ್ಟನೆ ಅದರ ಮೇಲೆ ಬಿತ್ತು.

“ಮೂರು,” ಎಂದರು.

ಸೂತ್ರಧಾರ ಕುಸಿದ. ನೀಲಿ ಅಂಗಿ ಗಾಳಿಗೆ ತೋಳಾಡಿಸಿ ಕರೆದಂತಾಯಿತು.

“ಅಯ್ಯೋ ಪಾಪ,” ಎಂದು ಅತ್ತೆ ಕಡಲೆಬೀಜದ ಬಟ್ಟಲನ್ನು ಸಂಪಾದಕಿಯ ಕಡೆ ಸರಿಸಿದರು. ಡಾಕ್ಟರೂ ಮೆಕ್ಯಾನಿಕ್ಕೂ ಒಟ್ಟಿಗೇ ಚಾವಣಿ ನೋಡತೊಡಗಿದರು.

ಸಂಪಾದಕಿ ಇನ್ನೊಂದು ಕೈಯಿಂದ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡರು. “ಪುಸ್ತಕ ಅಚ್ಚಿಗೆ ಹೋಗ್ಲಿ. ಈ ನಿಯಮದಲ್ಲಿ ಒಂದಕ್ಷರಾನೂ ಮುಟ್ಟಬೇಡಿ. ಮುಂದಿನ ವಾರ ಎಷ್ಟೊತ್ತಿಗೆ ಬರ‍್ಲಿ?”

ಏನೊಂದೂ ಅರ್ಥವಾಗದೆ ಸೂತ್ರಧಾರ ಮೇಜಿನ ಮೇಲಿದ್ದ ಅವರ ಕೈಯನ್ನು ನೋಡಿದ. ಇಷ್ಟು ದಿನ ಅಡ್ಡವಿದ್ದ ಮರೆ ಈಗ ಇರಲಿಲ್ಲ.

ಬೆರಳ ಸಂದಿಯಿಂದ ದಾಳ ಇಣುಕುತ್ತಿತ್ತು: ಇಪ್ಪತ್ತು.