ಸದ್ದಿಲ್ಲದ ಮೂಲೆ

"ಓದಿದ್ದು ಸಾಕು ಸಾಬ್ರೆ," ಎಂದವಳೇ ಚಿಕ್ಕತಾಯಮ್ಮ ರೇಷ್ಮೆಹುಳುಗಳ ತಟ್ಟೆಯನ್ನು ಮುಕ್ತಿಯಾರನ ಮುಂದೆ ಹಿಡಿದಳು. "ಆಗ್ಲಿಂದ ರೋಗ ರೋಗ ಅಂತಿದ್ದೀರಲ್ಲ, ನನ್ನ ಹುಳ ಹೆಂಗವೆ ಹೇಳಿ ನೋಡಾನ."

ಜಗಲಿಯ ಮೇಲೆ ಕೂತಿದ್ದ ಹೆಂಗಸರು ಕಿಸಕ್ಕನೆ ನಕ್ಕರು. ರೋಗವಿಲ್ಲದ ಸರ್ಕಾರಿ ರೇಷ್ಮೆಮೊಟ್ಟೆ ಮಾರಲು ಕ್ಲೋಸ್‌ಪೇಟೆಯಿಂದ ಮಾಗಡಿ ಸೀಮೆಯ ಈ ಹಳ್ಳಿಗೆ ಬಂದಿದ್ದ ಮುಕ್ತಿಯಾರನ ಕೈಯಲ್ಲಿ ಭಾಷಣದ ಕಾಗದ ಬೆವರಿಗೆ ಮೆತ್ತಗಾಗಿತ್ತು. ಪೆಟ್ಟಿಗೆಯಲ್ಲಿ ಮೊಟ್ಟೆಗಳು ಆಗಲೇ ನೀಲಿಗಟ್ಟಿದ್ದವು. ಬೆಳಗಾದರೆ ಒಡೆದು ಮರಿಯಾಗುತ್ತವೆ. ಇವತ್ತು ಯಾರೂ ಕೊಳ್ಳದಿದ್ದರೆ ಸೊಪ್ಪಿಲ್ಲದೆ ಅಷ್ಟೂ ಸಾಯುತ್ತವೆ.

ಮುಕ್ತಿಯಾರ ಕಾಗದವನ್ನು ಜೇಬಿಗೆ ತುರುಕಿ, ಹುಳ ಸಾಕುತ್ತಿದ್ದ ತನ್ನ ಅಜ್ಜಿ ಮಾಡುತ್ತಿದ್ದ ಹಾಗೆ ಬಗ್ಗಿ ತಟ್ಟೆಯ ಹತ್ತಿರ ಕಿವಿ ಇಟ್ಟ. ನಗು ನಿಂತಿತು. ಹುಳುಗಳು ಸೊಪ್ಪು ಮೇಯುವ ಚರಚರ ಸದ್ದು ಕೇಳಿಸಿತು. ಕಿವಿಯನ್ನು ನಿಧಾನವಾಗಿ ಸರಿಸುತ್ತ ಹೋದವನು ಒಂದು ಮೂಲೆಗೆ ಬಂದು ತಡೆದ. ಅಲ್ಲಿ ಸದ್ದೇ ಇರಲಿಲ್ಲ. ತಲೆಯೆತ್ತಿ ಚಿಕ್ಕತಾಯಮ್ಮನ ಮುಖ ನೋಡಿದ. ಅವಳ ಹೆಬ್ಬೆರಳು ಆ ಮೂಲೆಯ ಸೊಪ್ಪನ್ನು ಒತ್ತಿ ಹಿಡಿದಿತ್ತು. ಅವಳಿಗೊಬ್ಬಳಿಗೇ ಕೇಳುವಷ್ಟು ಮೆತ್ತಗೆ ಹೇಳಿದ: "ಈ ಮೂಲೇಲಿ ಮೇಯ್ತಾ ಇಲ್ಲ ಕಣವ್ವಾ."

ಚಿಕ್ಕತಾಯಮ್ಮ ತಟ್ಟೆಯನ್ನು ಜಗಲಿಯ ಮೇಲಿಟ್ಟು, ಆ ಮೂಲೆಯ ಸೊಪ್ಪನ್ನು ತಾನೇ ಎತ್ತಿದಳು. ಕೆಳಗೆ ಮೈತುಂಬ ಕರಿಚುಕ್ಕೆ ಎದ್ದ ಹುಳುಗಳು ಮುದುಡಿ ಬಿದ್ದಿದ್ದವು.

"ಮೂರು ದಿನದಿಂದ ಮುಚ್ಚಿಟ್ಕಂಡಿದ್ದೆ ಕಣ್ರೇ," ಎಂದಳು.

ಎಲ್ಲರಿಗಿಂತ ಜೋರಾಗಿ ನಕ್ಕಿದ್ದ ಸಿದ್ದಮ್ಮ ಕಂಬದ ಹಿಂದಿನಿಂದ ಎದ್ದು ಬಂದು ಮುಕ್ತಿಯಾರನ ಎದುರೇ ಕೂತಳು.

"ನಮ್ಮನೇಲೂ ಅಂಗೇ ಆಗೈತೆ."