ಚಾರ್ವಿಯ ಹೊಟ್ಟೆನೋವು

ನೋವಿನ ಪಟ್ಟಿ ಎಂಬ ಸಾಧನ ಬಂದಮೇಲೆ ಮಕ್ಕಳ ಡಾಕ್ಟರುಗಳು ಹೆಚ್ಚು ಪ್ರಶ್ನೆ ಕೇಳುತ್ತಿರಲಿಲ್ಲ. ಒಂದು ಪಟ್ಟಿಯನ್ನು ಮಗುವಿನ ಹೊಟ್ಟೆಗೆ, ಅದರ ಜೋಡಿಯನ್ನು ಅಪ್ಪನಿಗೋ ಅಮ್ಮನಿಗೋ ಕಟ್ಟುತ್ತಿದ್ದರು. ಮಗುವಿನ ನೋವು ಅವರಿಗೂ ಆಗುತ್ತಿತ್ತು.

ಹತ್ತು ವರ್ಷದ ಚಾರ್ವಿಯ ತೂಕ ಹೆಚ್ಚಿತ್ತು. ಸ್ಕ್ಯಾನಿನಲ್ಲಾಗಲಿ ರಕ್ತಪರೀಕ್ಷೆಯಲ್ಲಾಗಲಿ ಏನೂ ಸಿಕ್ಕಿರಲಿಲ್ಲ. "ಕಂಡಿದ್ದೆಲ್ಲ ತಿಂತಾಳೆ. ಬೆಳಿಗ್ಗೆ ಸ್ಕೂಲಿಗೆ ಹೊರಡು ಅಂದ್ರೆ ಹೊಟ್ಟೆನೋವು ಅಂತಾಳೆ," ಎಂದು ಅಪ್ಪ ಸದಾನಂದ ಡಾಕ್ಟರ ಎದುರೇ ಗೊಣಗಿದ. ಚಾರ್ವಿ ಅಂಗಿಯನ್ನು ಹೊಟ್ಟೆಯ ಮೇಲೆ ಎಳೆದುಕೊಂಡಳು.

"ಏನೂ ಸಿಗದಿದ್ರೂ ನೋವು ಇರಬಹುದು. ಕಟ್ಟಿಕೊಳ್ಳಿ," ಎಂದರು ಡಾಕ್ಟರು.

ಪಟ್ಟಿ ಬಿಗಿದದ್ದೇ ಸದಾನಂದನಿಗೆ ಯಾರೋ ಕರುಳನ್ನು ಒದ್ದೆ ಬಟ್ಟೆಯಂತೆ ಹಿಂಡಿದ ಹಾಗಾಯಿತು. ಕುರ್ಚಿಯ ಕೈ ಹಿಡಿದು ಮುಂದಕ್ಕೆ ಬಾಗಿದ. ಹಣೆ ಬೆವರಿತು. ಅದೇ ನೋವಿನಲ್ಲಿ ಚಾರ್ವಿ ಪಕ್ಕದಲ್ಲಿ ಸುಮ್ಮನೆ ಕೂತಿದ್ದಳು.

"ಅಪ್ಪಾ, ಉಸಿರು ಹಿಡೀಬೇಡ, ಜಾಸ್ತಿ ಆಗುತ್ತೆ," ಎಂದು ಅವನ ಬೆನ್ನು ಸವರಿದಳು.

"ದಿನಾ ಹೀಗೇನಾ ಪುಟ್ಟಿ?" ಎಂದು ಅವನು ಕಷ್ಟಪಟ್ಟು ಕೇಳಿದ.

"ಇಲ್ಲಪ್ಪ. ಇವತ್ತು ಕಡಿಮೆ ಇದೆ."

ಡಾಕ್ಟರು ಪಟ್ಟಿ ಬಿಚ್ಚಿದ ಕೂಡಲೇ ಸದಾನಂದನ ನೋವು ಹೋಯಿತು. ಮಗಳದು ಹೋಗಿಲ್ಲವೆಂದು ಈಗ ಅವನಿಗೆ ಗೊತ್ತಿತ್ತು. ಅವಳ ಕೈ ಹಿಡಿದುಕೊಂಡು ಕೂತ.